ಹೃದಯದ ಕವಾಟದಿಂದ ಚರಕಸಂಹಿತೆಗೆ



ನಮ್ಮ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ‘ಪಂಡಿತರು’ ಎಂದರೆ ಮದ್ದು ಕೊಡುವವರು. ಕಡಬ ತಾಲೂಕಿನ ನಮ್ಮ ಆಲಂಕಾರಿನಲ್ಲಿಯೂ ಹಾಗೆಯೇ. ಕನ್ನಡ ಪಂಡಿತನೆಂಬ ಹೆಸರು ಹೊತ್ತು ಶಾಲೆಗೆ ಬಂದ ನನ್ನಂಥವನ ಬಳಿಗೂ ಮಗುವಿನ ಕೆಮ್ಮಿಗೆ ಏನಾದರೂ ಇದೆಯೇ ಎಂದು ಕೇಳಿಕೊಂಡು ಬಂದವರಿದ್ದಾರೆ. ಶಬ್ದಮಣಿದರ್ಪಣವನ್ನು ತೇಯ್ದು ನೆಕ್ಕಿಸಿದರೆ ಕೆಮ್ಮು ನಿಲ್ಲುವುದಿಲ್ಲವೆಂದು ಅವರಿಗೆ ತಿಳಿಯಹೇಳಬೇಕಾಗುತ್ತದೆ.

ನಗೆಯ ಮಾತು ಹಾಗಿರಲಿ. ನಮ್ಮ ಮನೆಗಳ ಕಪಾಟನ್ನು ತೆರೆದು ನೋಡಿದರೆ ಒಂದು ಕಡೆ ಮಂಗಳೂರಿನ ಇಲ್ಲವೆ ಮಣಿಪಾಲದ ಆಸ್ಪತ್ರೆಯ ಚೀಟಿ ಮತ್ತು ಮಾತ್ರೆಗಳು, ಇನ್ನೊಂದು ಕಡೆ ಅರಿಷ್ಟದ ಶೀಸೆ, ಲೇಹದ ಭರಣಿ. ಎರಡನ್ನೂ ನಾವು ಸೇವಿಸುತ್ತೇವೆ. ಡಾಕ್ಟರರ ಮುಂದೆ ಕಷಾಯದ ಸುದ್ದಿ ಎತ್ತುವುದಿಲ್ಲ. ಪಂಡಿತರ ಮುಂದೆ ಮಾತ್ರೆಯ ಸುದ್ದಿ ಎತ್ತುವುದಿಲ್ಲ. ಎರಡು ವಿದ್ಯೆಗಳು ಒಂದೇ ರೋಗಿಯ ಹೊಟ್ಟೆಯಲ್ಲಿ ಸೇರುತ್ತವೆಯೇ ಹೊರತು ಒಂದೇ ಮನುಷ್ಯನ ತಲೆಯಲ್ಲಿ ಸೇರುವುದು ಬಹು ಅಪೂರ್ವ. ಹಾಗೆ ಸೇರಿದ್ದ ಒಬ್ಬ ಮಹನೀಯರು ನಮ್ಮ ಕರಾವಳಿಯ ಮಣಿಪಾಲದಲ್ಲಿಯೇ ತಮ್ಮ ಬಾಳಿನ ಕೊನೆಯ ಮೂರು ದಶಕಗಳನ್ನು ಕಳೆದು, 2024ನೆಯ ಇಸವಿ ಜುಲೈ 17ರಂದು, ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನ್. ಅವರ ಕೆಲಸವನ್ನು ಕುರಿತು ಕೆಲವು ಮಾತುಗಳನ್ನು ತಮ್ಮ ಮುಂದಿಡುವುದು ಇಂದಿನ ನನ್ನ ಉದ್ದೇಶ.

ವಲಿಯತ್ತಾನರು ಕೇರಳದ ಮಾವೇಲಿಕ್ಕರದವರು. 1934ರ ಮೇ 24ರಂದು ಹುಟ್ಟಿದರು. ತಿರುವನಂತಪುರದ ವೈದ್ಯಕೀಯ ಕಾಲೇಜು 1951ರಲ್ಲಿ ಆರಂಭವಾದಾಗ ಅದರ ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಒಬ್ಬರು. ಅಲ್ಲಿಂದ ಇಂಗ್ಲೆಂಡಿಗೆ ಹೋಗಿ ಶಸ್ತ್ರಚಿಕಿತ್ಸೆಯನ್ನು ಕಲಿತರು. ಮುಂದೆ ಅಮೆರಿಕದಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದರು. ಅಲ್ಲಿ ಅವರಿಗೆ ದೊರೆತ ಗುರುಗಳಲ್ಲಿ ಚಾರ್ಲ್ಸ್ ಹಫ್ನಗೆಲ್ ಎಂಬವರು ಒಬ್ಬರು. 1952ರಲ್ಲಿ ಮನುಷ್ಯನ ಮಹಾಧಮನಿಯಲ್ಲಿ ಮೊತ್ತಮೊದಲಿಗೆ ಕೃತಕ ಕವಾಟವೊಂದನ್ನು ಇಟ್ಟವರು ಈ ಹಫ್ನಗೆಲ್. ಆ ಕವಾಟವೆಂದರೆ ಪ್ಲಾಸ್ಟಿಕ್ಕಿನ ಒಂದು ಗೂಡು, ಅದರೊಳಗೆ ಒಂದು ಗುಂಡು, ಅಷ್ಟೆ. ವಲಿಯತ್ತಾನರ ಮನಸ್ಸಿನಲ್ಲಿ ಆ ಗುಂಡು ಬಹಳ ವರ್ಷ ಉರುಳುತ್ತಿದ್ದಿರಬೇಕು.

ಹೃದಯದಲ್ಲಿ ನಾಲ್ಕು ಕೋಣೆಗಳು, ನಾಲ್ಕು ಕವಾಟಗಳು. ರಕ್ತವನ್ನು ಮುಂದಕ್ಕೆ ಬಿಟ್ಟು, ಹಿಂದಕ್ಕೆ ಬಾರದಂತೆ ತಡೆಯುವುದು ಕವಾಟದ ಕೆಲಸ. ಗದ್ದೆಯ ತೂಬಿಗೆ ಹೋಲಿಸಬಹುದು. ಆದರೆ ತೂಬನ್ನು ನಾವು ದಿನಕ್ಕೆ ಒಂದೆರಡು ಸಲ ತೆರೆದು ಮುಚ್ಚಿದರೆ ಹೆಚ್ಚು; ಹೃದಯದ ಕವಾಟ ದಿನಕ್ಕೆ ಸುಮಾರು ಒಂದು ಲಕ್ಷ ಸಲ, ವರ್ಷಕ್ಕೆ ಮೂರೂವರೆ ಕೋಟಿ ಸಲಕ್ಕೂ ಮೇಲಾಗಿ ತೆರೆದು ಮುಚ್ಚುತ್ತದೆ. ಬಡಮಕ್ಕಳಿಗೆ ಗಂಟಲುಬೇನೆ ಬಂದು, ಅದಕ್ಕೆ ಸರಿಯಾದ ಚಿಕಿತ್ಸೆ ಆಗದಿದ್ದರೆ, ಕೆಲವರಲ್ಲಿ ರುಮ್ಯಾಟಿಕ್ ಜ್ವರವೆಂಬ ಕೀಲುನೋವಿನ ಜ್ವರ ಕಾಣಿಸಿಕೊಳ್ಳುತ್ತದೆ. ಕೀಲುನೋವು ಕೆಲವು ದಿನಗಳಲ್ಲಿ ಹೋಗುತ್ತದೆ. ಕವಾಟಕ್ಕೆ ತಗಲಿದ ಪೆಟ್ಟು ಉಳಿಯುತ್ತದೆ. ಅಂಥ ಮಕ್ಕಳು ಬೆಳೆದು ಹದಿನೆಂಟು ಇಪ್ಪತ್ತು ವಯಸ್ಸಿಗೆ ಬರುವಾಗ ನಾಲ್ಕು ಮೆಟ್ಟಲು ಏರಿದರೆ ಏದುಸಿರು. ಆಗ ಕವಾಟ ಬದಲಿಸಬೇಕೆಂದರೆ ಹಡಗಿನಲ್ಲೋ ವಿಮಾನದಲ್ಲೋ ಹೊರದೇಶದಿಂದ ಬರಬೇಕಿತ್ತು. ಅದರ ಬೆಲೆ ಕೂಲಿ ಮಾಡುವವನ ಕೈಗೆಟುಕುವಂತಿರಲಿಲ್ಲ.

1974ರಲ್ಲಿ ವಲಿಯತ್ತಾನರು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಗೆ ಮುಖ್ಯಸ್ಥರಾಗಿ ಬಂದರು. ಆಸ್ಪತ್ರೆಯ ಪಕ್ಕದಲ್ಲಿ ಒಂದು ಕಾರ್ಯಾಗಾರವೂ ಇರಬೇಕು, ಡಾಕ್ಟರರೂ ಇಂಜಿನಿಯರರೂ ಒಂದೇ ಸೂರಿನಡಿ ಕೆಲಸ ಮಾಡಬೇಕೆಂಬುದು ಅವರ ಹಟ. ರಾಜಮನೆತನದವರು ಬಿಟ್ಟುಕೊಟ್ಟ ಪೂಜಪ್ಪುರದ ಸೇಟಲ್‌ಮಂಡ್ ಅರಮನೆಯಲ್ಲಿ ಆ ಕಾರ್ಯಾಗಾರ ಎದ್ದಿತು. 1980ರಲ್ಲಿ ಪಾರ್ಲಿಮೆಂಟಿನ ಕಾಯಿದೆಯಿಂದ ಸಂಸ್ಥೆಗೆ ರಾಷ್ಟ್ರೀಯ ಮಹತ್ವದ ಸ್ಥಾನ ದೊರೆಯಿತು.

ಅಲ್ಲಿ ನಡೆದ ಕವಾಟದ ಕಥೆಯನ್ನು ಶಾಲೆಯ ಮಕ್ಕಳಿಗೆಲ್ಲ ಹೇಳಬೇಕು. ಏಕೆಂದರೆ ಅದು ಮೂರು ಸಲ ಸೋತ ಕಥೆ. ಲೋಹದ ಒಂದು ಉಂಗುರ, ಅದರ ನಡುವೆ ವಾಲಿ ತೆರೆದುಕೊಳ್ಳುವ ಒಂದು ತಟ್ಟೆ: ಇಷ್ಟೇ ಅದರ ರಚನೆ. ಮೊದಲನೆಯ ಮಾದರಿಯಲ್ಲಿ ಬೆಸುಗೆ ಮುರಿಯಿತು. ಎರಡನೆಯದಕ್ಕೆ ಟೈಟೇನಿಯಮ್ಮಿನ ಉಂಗುರ, ಕೃತಕವಾಗಿ ಬೆಳೆಸಿದ ನೀಲಮಣಿಯ ತಟ್ಟೆ. ನೀಲಮಣಿ ಬಲು ಗಟ್ಟಿ. ಅದು ಬಡಿದು ಬಡಿದು ಟೈಟೇನಿಯಂ ಸವೆದುಹೋಯಿತು. ಮೂರನೆಯ ಸಲ ಉಂಗುರಕ್ಕೆ ಬೇರೆ ಗಟ್ಟಿ ಮಿಶ್ರಲೋಹ ತಂದರು. ಆಗ ಕುರಿಗಳ ಮೇಲಿನ ಪರೀಕ್ಷೆಯ ಹಂತದಲ್ಲಿ ನೀಲಮಣಿಯ ತಟ್ಟೆಯೇ ಒಡೆಯಿತು. ನವರತ್ನಗಳಲ್ಲಿ ಒಂದನ್ನು ಬಿಟ್ಟು, ಕಡೆಗೆ ಆಯ್ದುಕೊಂಡದ್ದು ಏನನ್ನು? ಒಂದು ಜಾತಿಯ ಪಾಲಿಎಥಿಲೀನ್. ಎಂದರೆ ನಾವು ಸಂತೆಯಿಂದ ಮೀನು ಕಟ್ಟಿಸಿಕೊಂಡು ಬರುವ ಪ್ಲಾಸ್ಟಿಕ್ ಚೀಲದ ಬಹು ಬಲಶಾಲಿಯಾದ ದಾಯಾದಿ. ಅದು ಗೆದ್ದಿತು. 1990ರ ಡಿಸೆಂಬರಿನಲ್ಲಿ ಮೊದಲ ಚಿತ್ರಾ ಕವಾಟವನ್ನು ರೋಗಿಯೊಬ್ಬರ ಹೃದಯದಲ್ಲಿ ಇಡಲಾಯಿತು. ಆಮೇಲೆ ಟಿ.ಟಿ.ಕೆ. ಕಂಪೆನಿ ಅದನ್ನು ತಯಾರಿಸತೊಡಗಿ, ಈವರೆಗೆ ಒಂದು ಲಕ್ಷಕ್ಕೂ ಮಿಕ್ಕ ಮಂದಿಯ ಎದೆಯಲ್ಲಿ ಅದು ಬಡಿದಿದೆ.

ಇಷ್ಟಕ್ಕೇ ನಿಂತಿದ್ದರೂ ಅವರ ಹೆಸರು ಉಳಿಯುತ್ತಿತ್ತು. ಆದರೆ ಮುರಿದದ್ದನ್ನು ಬದಲಿಸುವುದು ಒಂದು ಕೆಲಸ. ಏಕೆ ಮುರಿಯಿತು ಎಂದು ಕೇಳುವುದು ಇನ್ನೊಂದು. ಅವರ ಬಳಿಗೆ ಬರುತ್ತಿದ್ದ ಬಡ ರೋಗಿಗಳಲ್ಲಿ, ಮುಖ್ಯವಾಗಿ ಮಕ್ಕಳಲ್ಲಿ ಮತ್ತು ಎಳೆಯ ಪ್ರಾಯದವರಲ್ಲಿ, ಇನ್ನೊಂದು ವಿಚಿತ್ರ ಹೃದಯರೋಗ ಕಾಣುತ್ತಿತ್ತು. ಹೃದಯದ ಒಳಗೋಡೆಯಲ್ಲಿ ನಾರು ಬೆಳೆದು ದಪ್ಪವಾಗಿ ಬಿಗಿದುಕೊಳ್ಳುವ ರೋಗ ಅದು. ಹಸಿ ಅಡಿಕೆಹಾಳೆ ಹೇಗೆ ಬೇಕೋ ಹಾಗೆ ಬಾಗುತ್ತದೆ, ಒಣಗಿದ ಹಾಳೆ ಬಾಗುವುದಿಲ್ಲವಷ್ಟೆ? ಹೃದಯ ಹಾಗಾದರೆ ಅದರೊಳಕ್ಕೆ ರಕ್ತ ತುಂಬಲು ಜಾಗವಿಲ್ಲ. ಹೊಟ್ಟೆಯಲ್ಲಿ ನೀರು ತುಂಬುತ್ತದೆ. 1948ರಲ್ಲಿ ಡೇವಿಸ್ ಎಂಬ ವೈದ್ಯರು ಆಫ್ರಿಕದ ಉಗಾಂಡದಲ್ಲಿ ಇದನ್ನು ವರ್ಣಿಸಿದ್ದರು. ಉಗಾಂಡ ಎಲ್ಲಿ, ಕೇರಳದ ಕಡಲಕರೆ ಎಲ್ಲಿ?

ಕೇರಳದ ಕೊಲ್ಲಂ ಸುತ್ತಿನ ಕಡಲತಡಿಯ ಮರಳಿನಲ್ಲಿ ಮೊನಜೈಟ್ ಎಂಬ ಖನಿಜವಿದೆ. ಅದರಲ್ಲಿ ಥೋರಿಯಂ ಇದೆ, ಸೀರಿಯಂ ಇದೆ. ಸತ್ತವರ ಮತ್ತು ಶಸ್ತ್ರಚಿಕಿತ್ಸೆಯಾದವರ ಹೃದಯದ ತುಣುಕುಗಳನ್ನು ಪರೀಕ್ಷಿಸಿದಾಗ ವಲಿಯತ್ತಾನರಿಗೂ ಅವರ ಸಂಗಡಿಗರಿಗೂ ಆ ಧಾತುಗಳು ಅಲ್ಲಿ ಸಿಕ್ಕವು. ಆ ಮಣ್ಣಿನಲ್ಲಿ ಬೆಳೆದ ಗೆಡ್ಡೆಗೆಣಸನ್ನೇ ಮುಖ್ಯವಾಗಿ ತಿಂದು ಬದುಕುವ ಬಡವರ ಮೈಗೆ ಸೀರಿಯಂ ಸೇರುತ್ತದೆ. ಅವರ ಆಹಾರದಲ್ಲಿ ಮೆಗ್ನೀಸಿಯಂ ಕಡಮೆ. ಇವೆರಡೂ ಕೂಡಿ ಹೃದಯವನ್ನು ಕೆಡಿಸುತ್ತವೆ ಎಂಬುದು ಅವರು ಮುಂದಿಟ್ಟ ಊಹೆ. ಊಹೆಯನ್ನು ಹೇಳಿ ಸುಮ್ಮನಾಗಲಿಲ್ಲ. ಹೃದಯದಲ್ಲಿ ನಾರು ಹೆಣೆಯುವ ಜೀವಕೋಶಗಳನ್ನು ಬೇರ್ಪಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅವಕ್ಕೆ ಸೀರಿಯಂ ಉಣಿಸಿ ನೋಡಿದರು. 1992ರಲ್ಲಿ ಪ್ರಕಟವಾದ ಫಲಿತಾಂಶ ಚಿತ್ರವಾಗಿತ್ತು: ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟರೆ ಜೀವಕೋಶಗಳು ಹೆಚ್ಚು ನಾರನ್ನು ಹೆಣೆದವು, ಹೆಚ್ಚಾಗಿ ಕೊಟ್ಟರೆ ಹೆಣೆಯುವುದೇ ಕುಗ್ಗಿತು. ವಿಷವೆಂದರೆ ಹೆಚ್ಚಿದಷ್ಟೂ ಕೆಡುಕು ಎಂಬ ನಮ್ಮ ಸಾಮಾನ್ಯ ತಿಳಿವಳಿಕೆ ಇಲ್ಲಿ ತಲೆಕೆಳಗು. ಮುಂದೆ ಇಲಿಗಳಲ್ಲಿಯೂ ಮೆಗ್ನೀಸಿಯಮ್ಮಿನ ಕೊರತೆ ಮತ್ತು ಸೀರಿಯಂ ಸೇರಿ ಹೃದಯದಲ್ಲಿ ನಾರು ಬೆಳೆಸುವುದನ್ನು ಕಂಡರು.

ಈ ಊಹೆಯನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಅಪೌಷ್ಟಿಕತೆ, ಸೋಂಕು ಎಂದು ಬೇರೆ ಕಾರಣಗಳನ್ನು ಹೇಳುವವರೂ ಇದ್ದಾರೆ. ಅಷ್ಟರಲ್ಲಿ ಕೇರಳದ ಬಡವರ ಊಟ, ಮನೆ, ನೀರು ಸುಧಾರಿಸಿ ರೋಗವೇ ಅಪರೂಪವಾಗಿಬಿಟ್ಟಿತು. ವಿಜ್ಞಾನಿಯ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುವ ಮೊದಲೇ ರೋಗಿ ಬದುಕಿಕೊಂಡರೆ ಅದಕ್ಕಾಗಿ ಕೊರಗುವವರು ಯಾರು!

ತಿರುವನಂತಪುರದಲ್ಲಿ ಇಪ್ಪತ್ತು ವರ್ಷಗಳಾದ ಮೇಲೆ ವಲಿಯತ್ತಾನರು ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲನೆಯ ಉಪಕುಲಪತಿಯಾಗಿ ಬಂದರು. 1999ರಲ್ಲಿ ಆ ಹುದ್ದೆಯಿಂದ ಇಳಿದರು. ವಯಸ್ಸು ಅರವತ್ತೈದು. ನಮ್ಮಲ್ಲಿ ಆ ವಯಸ್ಸಿಗೆ ಬಂದ ದೊಡ್ಡ ಮನುಷ್ಯರು ಸನ್ಮಾನ ಸಮಿತಿಗಳ ಅಧ್ಯಕ್ಷರಾಗುತ್ತಾರೆ. ಇವರು ಶಿಷ್ಯರಾದರು. ಚಾಲಕ್ಕುಡಿಯ ಹಿರಿಯ ವೈದ್ಯ ರಾಘವನ್ ತಿರುಮುಲ್ಪಾಡರನ್ನು ಗುರುವಾಗಿ ಬಗೆದು ಚರಕಸಂಹಿತೆಯನ್ನು ಓದತೊಡಗಿದರು. ಎಂಟು ಸ್ಥಾನಗಳು, ನೂರಿಪ್ಪತ್ತು ಅಧ್ಯಾಯಗಳ ಗ್ರಂಥ ಅದು. ಆ ಓದಿನ ಫಲವಾಗಿ ಚರಕನ ಪರಂಪರೆಯನ್ನು ಕುರಿತ ಇಂಗ್ಲಿಷ್ ಗ್ರಂಥ 2003ರಲ್ಲಿಯೂ, ಸುಶ್ರುತನನ್ನು ಕುರಿತದ್ದು 2007ರಲ್ಲಿಯೂ, ವಾಗ್ಭಟನನ್ನು ಕುರಿತದ್ದು 2009ರಲ್ಲಿಯೂ ಹೊರಬಂದವು. ಇಂದಿನ ಓದುಗನಿಗೆ, ಅದರಲ್ಲೂ ವೈದ್ಯ ವಿದ್ಯಾರ್ಥಿಗೆ, ತಿಳಿಯುವಂತೆ ಹಳೆಯ ಆಚಾರ್ಯರ ಮಾತನ್ನು ಮತ್ತೆ ಹೇಳುವುದು ಅವುಗಳ ಗುರಿ.

ಸ್ವತಃ ಸಾವಿರಾರು ಎದೆಗಳನ್ನು ಕಂಡ ಶಸ್ತ್ರವೈದ್ಯನಿಗೆ ಚರಕನಲ್ಲಿ ಏನು ಕಂಡಿರಬಹುದು? ಚರಕಸಂಹಿತೆ ಬರಿಯ ಮದ್ದಿನ ಪಟ್ಟಿಯಲ್ಲ. ವಿಮಾನಸ್ಥಾನದಲ್ಲಿ ಶಿಷ್ಯನಾಗಿ ಬಂದವನಿಗೆ ಗುರು ಹಾಕುವ ಕಟ್ಟುಪಾಡುಗಳಿವೆ: ರೋಗಿಯ ಮನೆಯನ್ನು ಒಪ್ಪಿಗೆಯಿಂದಲೇ ಹೊಗಬೇಕು, ಒಳಗೆ ಕಂಡದ್ದನ್ನು ಹೊರಗೆ ಆಡಬಾರದು, ರೋಗಿಗೆ ದ್ರೋಹವೆಣಿಸಬಾರದು. ಅದೇ ಸ್ಥಾನದಲ್ಲಿ, ಒಂದು ನಾಡಿಗೆ ನಾಡೇ ಒಂದೇ ರೋಗದಿಂದ ಏಕೆ ಅಳಿಯುತ್ತದೆ ಎಂಬ ಪ್ರಶ್ನೆ ಎತ್ತಿಕೊಂಡು, ಗಾಳಿ, ನೀರು, ನೆಲ, ಕಾಲ ಈ ನಾಲ್ಕೂ ಕೆಡುವುದನ್ನು ಕಾರಣವಾಗಿ ಹೇಳಿದ ಅಧ್ಯಾಯವಿದೆ. ಸೀರಿಯಮ್ಮಿನ ಬೆನ್ನು ಹತ್ತಿ ಮಣ್ಣಿಗೆ ಹೋದವರಿಗೆ ಅದು ಅಪರಿಚಿತವಾಗಿ ತೋರಿರಲಾರದು. ಚಿಕಿತ್ಸೆಗೆ ನಾಲ್ಕು ಕಾಲುಗಳು ಎನ್ನುತ್ತಾನೆ ಚರಕ: ವೈದ್ಯ, ಔಷಧ, ಆರೈಕೆ ಮಾಡುವವರು, ರೋಗಿ. ಆಸ್ಪತ್ರೆಯ ಬಿಲ್ಲಿನಲ್ಲಿ ಮೊದಲಿನ ಎರಡಕ್ಕೆ ಮಾತ್ರ ಜಾಗ ದೊಡ್ಡದು.

ಇನ್ನೊಂದು ಮಾತನ್ನು ರೇಡಿಯೋ ಇಟ್ಟುಕೊಂಡ ತಮಗೆ ಹೇಳದೆ ಬಿಡಲಾರೆ. ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ರೋಗಿಯನ್ನು ಇರಿಸುವ ಮನೆ ಹೇಗಿರಬೇಕೆಂಬ ವರ್ಣನೆ ಬರುತ್ತದೆ. ಗಾಳಿಯ ನೇರ ಹೊಡೆತವಿಲ್ಲದ ಗಟ್ಟಿ ಕಟ್ಟಡ, ನೀರು, ಒರಳು, ಅಡಿಗೆಮನೆ, ಸೇವಕರು ಎಲ್ಲವನ್ನೂ ಎಣಿಸಿ, ಅವರ ಜತೆಗೆ ಹಾಡು, ವಾದ್ಯ, ಕಥೆ, ಪುರಾಣಗಳಲ್ಲಿ ಬಲ್ಲವರೂ ಇರಬೇಕೆಂದಿದ್ದಾನೆ. ವೈದ್ಯವಿದ್ಯೆಗೆ ಸಾಹಿತ್ಯ, ಚರಿತ್ರೆ, ನೀತಿಗಳ ನಂಟು ಬೇಕೆಂದು ಇಂದು ಮಾನವಿಕ ಶಾಸ್ತ್ರಗಳನ್ನು ವೈದ್ಯಕೀಯ ಕಾಲೇಜುಗಳಿಗೆ ತರುತ್ತಿದ್ದಾರೆ. ಒಳ್ಳೆಯದೇ. ಚರಕನ ಆಸ್ಪತ್ರೆಯಲ್ಲಿ ಕಥೆ ಹೇಳುವವನಿಗೆ ಕೆಲಸವೇ ಇತ್ತು.

ಇನ್ನು ಕಷ್ಟದ ಭಾಗಕ್ಕೆ ಬರೋಣ. ಚರಕನನ್ನು ಓದಿ ಕೈಮುಗಿಯುವವರು ಇದ್ದಾರೆ. ಓದದೆ ನಗುವವರೂ ಇದ್ದಾರೆ. ಈ ಇಬ್ಬರಿಂದಲೂ ಕಪಾಟಿನಲ್ಲಿ ಅರಿಷ್ಟವನ್ನೂ ಮಾತ್ರೆಯನ್ನೂ ಇಟ್ಟ ನಮಗೆ ಪ್ರಯೋಜನವಿಲ್ಲ. ವಲಿಯತ್ತಾನರು ಹಿಡಿದದ್ದು ಕವಾಟದ ಕೆಲಸದಲ್ಲಿ ಹಿಡಿದ ದಾರಿಯನ್ನೇ. ನೀಲಮಣಿಯೆಂಬ ಗೌರವ ತಟ್ಟೆಯನ್ನು ಒಡೆಯದಂತೆ ಕಾಯಲಿಲ್ಲ. ಸಂಹಿತೆಯೆಂಬ ಗೌರವವೂ ಪರೀಕ್ಷೆಯಿಂದ ವಿನಾಯಿತಿ ಕೊಡಲಾರದು. ಆಯುರ್ವೇದದ ಕಲ್ಪನೆಗಳ ಹಿಂದೆ ಜೀವಶಾಸ್ತ್ರ ಏನಿದೆ ಎಂದು ಪ್ರಯೋಗಶಾಲೆಯಲ್ಲಿ ಹುಡುಕುವ ಕೆಲಸಕ್ಕೆ ಅವರು ‘ಆಯುರ್ವೇದೀಯ ಜೀವಶಾಸ್ತ್ರ’ ಎಂಬ ಹೆಸರಿಟ್ಟು, 2006ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಮೂಲಕ ಹತ್ತು ವರ್ಷಗಳ ಒಂದು ನಕ್ಷೆಯನ್ನು ಪ್ರಕಟಿಸಿದರು. ಕೆಲವು ಸಂಶೋಧನಾಲಯಗಳು ಅದಕ್ಕೆ ಕೈಜೋಡಿಸಿದವು.

ಒಂದೆರಡು ಉದಾಹರಣೆ ಕೊಡುತ್ತೇನೆ. ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯವೇ ರಸಾಯನ. ಮುಪ್ಪನ್ನು ದೂರವಿಡುವ ಔಷಧಗಳ ವಿಚಾರ. ನೆಲ್ಲಿಕಾಯಿಯ ಪುಡಿಗೆ ಮತ್ತೆ ಮತ್ತೆ ನೆಲ್ಲಿಯ ರಸವನ್ನೇ ಊಡಿಸಿ, ತುಪ್ಪ ಜೇನು ಸೇರಿಸಿ ಮಾಡುವ ಆಮಲಕೀ ರಸಾಯನವನ್ನು ಕೋಟ್ಟಕ್ಕಲಿನ ಆರ್ಯವೈದ್ಯಶಾಲೆಯವರು ಶಾಸ್ತ್ರೋಕ್ತವಾಗಿ ಮಾಡಿಕೊಟ್ಟರು. ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಅದನ್ನು ಹಣ್ಣಿನ ನೊಣಗಳ ಆಹಾರದಲ್ಲಿ ಬೆರೆಸಿದರು. ಕೊಳೆತ ಬಾಳೆಹಣ್ಣಿನ ಮೇಲೆ ಗುಂಯ್‌ಗುಟ್ಟುವ ಅದೇ ಸಣ್ಣ ನೊಣ. ಅವುಗಳ ಆಯುಸ್ಸಿನ ಸರಾಸರಿ ಹೆಚ್ಚಿತು. ಹಸಿವನ್ನೂ ಕಾವನ್ನೂ ತಾಳುವ ಶಕ್ತಿ ಹೆಚ್ಚಿತು. ಇನ್ನೊಂದು ಕಡೆ, ರಸಾಯನ ತಿಂದ ಇಲಿಗಳ ಮಿದುಳಿನ ಜೀವಕೋಶಗಳನ್ನು ತೆಗೆದು ನೋಡಿದಾಗ, ತಿನ್ನದ ಇಲಿಗಳಿಗಿಂತ ಇವುಗಳಲ್ಲಿ ಡಿ.ಎನ್.ಎ. ಎಳೆಗಳ ಮುರಿತ ಕಡಮೆ ಇತ್ತೆಂದು 2012ರಲ್ಲಿ ವರದಿಯಾಯಿತು. ಡಿ.ಎನ್.ಎ. ಎಂದರೆ ಜೀವಕೋಶ ತನ್ನ ಕಸುಬನ್ನು ಬರೆದಿಟ್ಟುಕೊಂಡ ಓಲೆಗರಿ. ಮುಪ್ಪಿನಲ್ಲಿ ಅದರ ಗರಿ ಮುರಿಯುವುದು ಹೆಚ್ಚು.

ಇಷ್ಟನ್ನು ಕೇಳಿದೊಡನೆ ಪೇಟೆಗೆ ಹೋಗಿ ಡಬ್ಬಿ ಕೊಳ್ಳಬೇಡಿ. ನೊಣವೂ ಇಲಿಯೂ ಮನುಷ್ಯರಲ್ಲ. ಪೇಟೆಯ ಡಬ್ಬಿಯೂ ಕೋಟ್ಟಕ್ಕಲಿನ ಪಾಕವಲ್ಲ. ಅದೇ ಅಧ್ಯಾಯದಲ್ಲಿ ಸಾವಿರ ವರ್ಷ ಬಾಳುವ ಮಾತೂ ಬರುತ್ತದೆ. ಹಾಗೆಂದು ಚರಕನನ್ನು ಸುಳ್ಳುಗಾರನೆನ್ನಬೇಕೇ? ನಮ್ಮ ಹಳೆಯ ಶಾಸ್ತ್ರಗಳನ್ನು ಓದುವವರಿಗೆ ಮೀಮಾಂಸಕರು ಒಂದು ಉಪಾಯ ಹೇಳಿಕೊಟ್ಟಿದ್ದಾರೆ: ವಿಧಿವಾಕ್ಯ ಬೇರೆ, ಅರ್ಥವಾದ ಬೇರೆ. ಹೀಗೆ ಮಾಡು ಎಂಬುದು ವಿಧಿ. ಮಾಡಲು ಹುರಿದುಂಬಿಸುವ ಹೊಗಳಿಕೆ ಅರ್ಥವಾದ. ನೆಲ್ಲಿಯನ್ನು ಊಡಿಸುವ ಕ್ರಮ ವಿಧಿ. ಸಾವಿರ ವರ್ಷ ಅರ್ಥವಾದ. ವಿಧಿಯನ್ನು ಪರೀಕ್ಷಿಸಬಹುದು. ಇಂದಿನ ಜಾಹೀರಾತುಗಳಲ್ಲಿ ಅರ್ಥವಾದವೇ ಉಳಿದು ವಿಧಿ ಕಾಣೆಯಾಗಿದೆ ಎಂಬುದು ನನ್ನ ದೂರು.

ವಾತ, ಪಿತ್ತ, ಕಫ ಎಂಬ ಪ್ರಕೃತಿಭೇದಕ್ಕೆ ವಂಶವಾಹಿಗಳಲ್ಲಿ ಏನಾದರೂ ಗುರುತಿದೆಯೇ ಎಂಬ ಪರೀಕ್ಷೆಯೂ ನಡೆಯಿತು. 3,416 ಮಂದಿ ಗಂಡಸರನ್ನು ನೋಡಿ, ಯಾವುದಾದರೂ ಒಂದೇ ಪ್ರಕೃತಿ ಎದ್ದುಕಾಣುವ 262 ಮಂದಿಯನ್ನು ಆರಿಸಿ, ಅವರ ವಂಶವಾಹಿಗಳನ್ನು ಹೈದರಾಬಾದಿನಲ್ಲಿ ಓದಿದರು. ಪಿ.ಜಿ.ಎಂ.1 ಎಂಬ, ಮೈಯಲ್ಲಿ ಸಕ್ಕರೆಯನ್ನು ಬಳಸುವ ಕೆಲಸಕ್ಕೆ ಸಂಬಂಧಿಸಿದ ವಂಶವಾಹಿಗೂ ಪಿತ್ತಪ್ರಕೃತಿಗೂ ನಂಟು ಕಾಣುತ್ತದೆಂದು 2015ರಲ್ಲಿ ಪ್ರಕಟಿಸಿದರು. ಪಿತ್ತವೆಂದರೆ ಅಗ್ನಿ, ಜೀರ್ಣಶಕ್ತಿ ಎಂದು ಬಲ್ಲವರಿಗೆ ಇದು ರೋಮಾಂಚನದ ಸುದ್ದಿ. ಆದರೆ ಲೆಕ್ಕವನ್ನು ಗಮನಿಸಿ: ಸ್ಪಷ್ಟವಾಗಿ ಒಂದೇ ಪ್ರಕೃತಿಯವರೆಂದು ಆರಿಸಿದ್ದು ಹನ್ನೆರಡಕ್ಕೆ ಒಬ್ಬರನ್ನೂ ಅಲ್ಲ. ಹೆಂಗಸರಂತೂ ಲೆಕ್ಕದಲ್ಲಿಯೇ ಇಲ್ಲ. ಉಳಿದ ನಾವೆಲ್ಲ ಮಿಶ್ರಪ್ರಕೃತಿಯವರು. ನಮ್ಮ ವಿಚಾರದಲ್ಲಿ ಈ ಪರೀಕ್ಷೆ ಇನ್ನೂ ಬಾಯಿ ತೆರೆದಿಲ್ಲ.

ಇದು ನಮಗೆ ದೂರದ ವಿಷಯವೆನಿಸಿದರೆ ಆಟಿ ಅಮಾವಾಸ್ಯೆಯನ್ನು ನೆನೆಯಿರಿ. ಅಂದು ನಸುಕಿನಲ್ಲಿ ಹಾಲೆಮರದ ತೊಗಟೆಯನ್ನು ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತಂದು, ಕಷಾಯ ಮಾಡಿ ಮನೆಮಂದಿಯೆಲ್ಲ ಕುಡಿದು, ಮೇಲೆ ಮೆಂತ್ಯದ ಗಂಜಿ ಉಣ್ಣುತ್ತೇವೆ. ತುಳುನಾಡಿನ ಚೆಂದದ ಪದ್ಧತಿ. ನನ್ನ ಮನೆಯಲ್ಲಿಯೂ ಇದೆ. ಆದರೆ ಮರ ಗುರುತಿಸಲು ಬಾರದವರು ಕತ್ತಲಲ್ಲಿ ಹೋಗಿ ಕಾಸರಕದ ತೊಗಟೆ ತಂದರೆ ಮನೆಯವರೆಲ್ಲ ಆಸ್ಪತ್ರೆ ಸೇರಬೇಕಾಗುತ್ತದೆ, ಅದೂ ಅದೃಷ್ಟವಿದ್ದರೆ. ಹಿಂದೆ ಮರ ಬಲ್ಲ ಅಜ್ಜ ಜತೆಗಿರುತ್ತಿದ್ದ. ಈಗ ಹುಡುಗರಿಗೆ ಪದ್ಧತಿ ಗೊತ್ತು, ಮರ ಗೊತ್ತಿಲ್ಲ.

ಹೆಸರಿನ ತೊಡಕು ಗ್ರಂಥಗಳಲ್ಲಿಯೂ ಉಂಟು. ಬ್ರಾಹ್ಮಿ ಎಂದರೆ ನಮ್ಮ ಕಡೆ ಒಂದೆಲಗ, ತುಳುವಿನ ತಿಮರೆ; ಗದ್ದೆಯ ಬದುವಿನಿಂದ ಕಿತ್ತು ಚಟ್ನಿ ಅರೆಯುವುದು. ಉತ್ತರದ ವೈದ್ಯರಿಗೆ ಬ್ರಾಹ್ಮಿ ಬೇರೆಯೇ ಸಸಿ, ನಾವು ನೀರುಬ್ರಾಹ್ಮಿ ಎನ್ನುವುದು. ಶಂಖಪುಷ್ಪಿಯೂ ಕೇರಳದಲ್ಲಿ ಒಂದು ಬಳ್ಳಿ, ಉತ್ತರದಲ್ಲಿ ಇನ್ನೊಂದು. ಯಾವ ಸಸಿಯೆಂದು ತೀರ್ಮಾನವಾಗದೆ ನೊಣಕ್ಕೆ ಏನನ್ನು ತಿನ್ನಿಸುವುದು? ಇಲ್ಲಿ ಸೂಕ್ಷ್ಮದರ್ಶಕಕ್ಕಿಂತ ಮೊದಲು ಬೇಕಾದದ್ದು ನಿಘಂಟು. ಕನ್ನಡದಲ್ಲಿ ಕೀರ್ತಿವರ್ಮನ ಗೋವೈದ್ಯವಿದೆ. ಜಗದ್ದಳ ಸೋಮನಾಥನ ಕಲ್ಯಾಣಕಾರಕವಿದೆ. ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷವೈದ್ಯವನ್ನೇ ಕುರಿತು ಬರೆದ ಖಗೇಂದ್ರಮಣಿದರ್ಪಣವಿದೆ. ನಾವು ಪಂಡಿತರು ಅವುಗಳ ಛಂದಸ್ಸನ್ನು ನೋಡುತ್ತೇವೆ, ಹಳಗನ್ನಡದ ರೂಪಗಳನ್ನು ಆರಿಸುತ್ತೇವೆ, ಗಿಡದ ಹೆಸರು ಬಂದಲ್ಲಿ ‘ಒಂದು ಬಗೆಯ ಮೂಲಿಕೆ’ ಎಂದು ಅರ್ಥ ಬರೆದು ಮುಂದೆ ಹೋಗುತ್ತೇವೆ. ಅರವತ್ತೈದರಲ್ಲಿ ಒಬ್ಬ ಶಸ್ತ್ರವೈದ್ಯರು ಸಂಹಿತೆಯನ್ನು ಹಿಡಿದು ಗುರುವಿನ ಮುಂದೆ ಕುಳಿತರು. ಸಸ್ಯಶಾಸ್ತ್ರ ಬಲ್ಲವರೊಬ್ಬರನ್ನೂ ಮದ್ದಿನ ಪಂಡಿತರೊಬ್ಬರನ್ನೂ ಜತೆಗಿಟ್ಟುಕೊಂಡು, ಮಂಗರಾಜನ ಒಂದೊಂದೇ ಮೂಲಿಕೆಯನ್ನು ಕುಮಾರಧಾರೆಯ ದಡದ ಕಾಡಿನಲ್ಲಿ ಹುಡುಕಿ ಗುರುತಿಸುವ ಕೆಲಸ ಕನ್ನಡ ಪಂಡಿತರಿಗೆ ಕಾದಿದೆ.